ಟವೆಲ್ ಕೆಳಗಿನ ಮೈದಾನ

ನನ್ನ ಸೋದರಮಾವನ ಬಲಗೈ ನೋಡಿದವರು ಚಳ್ಳಕೆರೆಯಲ್ಲಿ ಬಹಳ ಜನ ಇಲ್ಲ. ಎಡಗೈಯನ್ನು ಎಲ್ಲರೂ ನೋಡಿದ್ದಾರೆ. ಅದರಲ್ಲಿ ಬೀಡಿ ಇರುತ್ತದೆ, ಟೀ ಲೋಟ ಇರುತ್ತದೆ, ಒಂದು ಕಾಲದಲ್ಲಿ ನನ್ನ ಕಿವಿ ಇರುತ್ತಿತ್ತು. ಬಲಗೈ ಮಾತ್ರ ಸದಾ ಹೆಗಲಿಂದ ಇಳಿಬಿದ್ದ ಟವೆಲ್ಲಿನ ಕೆಳಗೆ. ಬಡಾವಣೆಗೆ ಹೊಸದಾಗಿ ಬಂದವರು, ಪಾಪ, ಯಜಮಾನರ ಕೈಗೆ ಏನೋ ಆಗಿದೆ ಎಂದುಕೊಳ್ಳುತ್ತಾರೆ. ಒಬ್ಬ ಟೀಚರಮ್ಮ ಅಂತೂ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು, ಉಜ್ಜಲು ಒಳ್ಳೆಯ ಎಣ್ಣೆಯೊಂದನ್ನು ಹೇಳಿಕೊಟ್ಟರು.

ಕೈಗೆ ಏನೂ ಆಗಿಲ್ಲ. ನಲವತ್ತು ವರ್ಷ ಕುರಿ ಸಂತೆಯಲ್ಲಿ ದಲ್ಲಾಳಿಯಾಗಿದ್ದವನ ಕೈ ಅದು. ಕುರಿ ಸಂತೆ ನೋಡದವರಿಗಾಗಿ ಹೇಳುತ್ತೇನೆ. ಅಲ್ಲಿ ಬೆಲೆಯನ್ನು ಬಾಯಿಂದ ಹೇಳುವ ಪದ್ಧತಿ ಇಲ್ಲ. ಕೊಳ್ಳುವವನೂ ಮಾರುವವನೂ ಎದುರುಬದುರು ನಿಂತು, ಕೈಗಳ ಮೇಲೆ ಒಂದು ಟವೆಲ್ ಹೊದಿಸಿ, ಅದರ ಕೆಳಗೆ ಒಬ್ಬರ ಬೆರಳನ್ನು ಒಬ್ಬರು ಹಿಡಿಯುತ್ತಾರೆ. ಎರಡು ಬೆರಳು ಹಿಡಿದರೆ ಎರಡು, ಮೂರು ಹಿಡಿದರೆ ಮೂರು. ಎರಡು ಅಂದರೆ ಎಷ್ಟು, ಮೂರು ಅಂದರೆ ಎಷ್ಟು ಎಂದು ಯಾರೂ ಕೇಳುವುದಿಲ್ಲ. ನಡುವೆ ಕುರಿ ನಿಂತಿರುತ್ತದಲ್ಲ, ಅದನ್ನು ನೋಡಿದರೆ ಇಬ್ಬರಿಗೂ ಗೊತ್ತು. ಸುತ್ತ ನಿಂತ ಐವತ್ತು ಜನಕ್ಕೆ ಕಾಣುವುದು ಎರಡು ಮುಖ ಮಾತ್ರ. ಕೊನೆಗೆ ಇಡೀ ಕೈ ಹಿಡಿದು ಒಂದು ಸಲ ಕುಲುಕಿದರೆ ವ್ಯವಹಾರ ಮುಗಿಯಿತು. ಅದೇ ಪತ್ರ, ಅದೇ ಸಹಿ. ಆಮೇಲೆ "ನಾನು ಹಂಗಂದಿರಲಿಲ್ಲ" ಎಂದು ರಾಗ ಎಳೆದವನ ಮುಂದೆ ಮತ್ತೆ ಯಾರೂ ಟವೆಲ್ ಹಿಡಿಯುವುದಿಲ್ಲ.

ಮಂಡಿ ಸವೆದ ಮೇಲೆ ಮಾವ ಸಂತೆ ಬಿಟ್ಟು ನಮ್ಮ ಮನೆಗೆ ಬಂದ. ಮಾವ ನಿವೃತ್ತನಾದ. ಕೈ ಆಗಲಿಲ್ಲ.

ಮಂಡಿ ನೋವಿಗೆಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. "ಐದು ದಿನ ಹಾಸಿಗೆ ಬಿಟ್ಟು ಏಳಂಗಿಲ್ಲ" ಎಂದರು ಡಾಕ್ಟರು. ಮಾವ ಟವೆಲ್ ಚಾಚಿದ. ನಾಡಿ ನೋಡಲು ಹೇಳುತ್ತಿದ್ದಾನೆಂದು ಡಾಕ್ಟರು ಕೈ ಹಾಕಿದರು. ಹಾಕಿದವರ ಮುಖ ಬದಲಾಯಿತು. ಆಮೇಲೆ ತಿಳಿಯಿತು, ಮಾವ ಅವರ ಒಂದು ಬೆರಳು ಹಿಡಿದಿದ್ದ. ಅವರು ನಾಲ್ಕು ಹಿಡಿದರು. ಇವನು ಎರಡು ಹಿಡಿದ. ಹೊರಗೆ ಇಪ್ಪತ್ತು ರೋಗಿಗಳು ಕಾಯುತ್ತಿರುವಾಗ ಒಳಗೆ ಸಂತೆ ನಡೆದು ಮೂರಕ್ಕೆ ಕುದುರಿತು. ಮಾವ ಬೀಗುತ್ತ ಹೊರಗೆ ನಡೆದ. ಡಾಕ್ಟರು ನನ್ನನ್ನು ಹಿಂದಕ್ಕೆ ಕರೆದು, "ಇವರಿಗೆ ಬೇಕಾದದ್ದು ಮೂರೇ ದಿನ ರೀ. ಚೌಕಾಸಿ ಮಾಡ್ತಾರೆ ಅಂತ ಕಾಂಪೌಂಡರ್ ಹೇಳಿದ್ದ, ಅದಕ್ಕೆ ಐದು ಅಂದೆ" ಎಂದರು. ಆ ಡಾಕ್ಟರ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತೇ.

ಇನ್ನೊಂದು ಅಭ್ಯಾಸ, ಹಲ್ಲು ನೋಡುವುದು. ಕುರಿಯ ವಯಸ್ಸನ್ನು ಹಲ್ಲಿನಿಂದ ಹೇಳುತ್ತಾರೆ. ನಮ್ಮ ನೆಂಟರ ಹುಡುಗಿಯೊಬ್ಬಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಗಂಡಿಗೆ ಇಪ್ಪತ್ತೆಂಟು ಎಂದರು. ಮಾವ ಮೆಲ್ಲಗೆ ಅವನ ಪಕ್ಕ ಹೋಗಿ ಕೂತು ಏನೋ ಹಾಸ್ಯದ ಮಾತಾಡಿದ. ಹುಡುಗ ಬಾಯ್ತುಂಬ ನಕ್ಕ. ಮಾವ ಒಳಗೆ ಬಂದು, "ಮೂವತ್ತೈದು ದಾಟೈತೆ" ಎಂದ. ಎಲ್ಲರೂ ಬೈದರು. ಆಮೇಲೆ ಯಾರೋ ಹುಡುಗನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತರಿಸಿ ನೋಡಿದರು. ಮೂವತ್ತಾರು! ಅಂದಿನಿಂದ ನಮ್ಮ ನೆಂಟರಲ್ಲಿ ಸಂಬಂಧ ನೋಡಲು ಬರುವ ಗಂಡುಗಳು ನಗುವುದನ್ನೇ ಬಿಟ್ಟಿದ್ದಾರೆ.

ಇಂಥ ಮಾವನನ್ನು ಟವೆಲ್ ಕೆಳಗೆ ಸೋಲಿಸಿದವನು ಭೂಮಿಯ ಮೇಲೆ ಒಬ್ಬನೇ ಒಬ್ಬ. ಅದು ನಾನು. ಜಂಬವಲ್ಲ, ನಡೆದದ್ದು.

ನಮ್ಮ ಹಟ್ಟಿ ಇರುವುದು ದೊಡ್ಡಉಳ್ಳಾರ್ತಿ ಕಡೆ. ಮಾವನದು ರಾಂಪುರದ ಆಚೆ, ಆಂಧ್ರದ ಗಡಿಯಲ್ಲಿ. ಹಾಗಾಗಿ ಅವನಿಗೆ ವ್ಯಾಪಾರ ಬಿಸಿಯಾದರೆ ತೆಲುಗು ಬರುತ್ತದೆ. ಅಪ್ಪನ ಕುರಿಯೂ ಮಾವನ ಕುರಿಯೂ ಸೇರಿ ಒಂದೇ ಮಂದೆ. ನಾನು ಏಳನೇ ಕ್ಲಾಸು ಮುಗಿಸಿದ ಬೇಸಿಗೆಯಲ್ಲಿ ಮಂದೆಗೆ ಕಾಯುವವರು ಸಾಲದೆ, ಹುಡುಗನನ್ನು ಸ್ಕೂಲು ಬಿಡಿಸುವ ಮಾತು ಎದ್ದಿತು. ಮಾವ ಹೇಳಿದ್ದೇ ಕೊನೆ ಮಾತು. ಅವನು ಬಂದು ಕಂಬಳಿಯ ಮೇಲೆ ಕೂತ. ಅವ್ವ ಬಾಗಿಲ ಹಿಂದೆ ನಿಂತಿದ್ದಳು. ನಾನು ಸೀದಾ ಹೋಗಿ ಅವನ ಟವೆಲ್ ಕೆಳಗೆ ಕೈ ಹಾಕಿದೆ.

"ಇನ್ನೂ ಎಷ್ಟು ವರ್ಷ ಓದ್ಲಿ, ಕೈಯಾಗೆ ಹೇಳು ಮಾವ" ಎಂದೆ.

ಎಲ್ಲರೂ ನಕ್ಕರು. ಮಾವ ನಗಲಿಲ್ಲ. ನನ್ನ ಒಂದು ಬೆರಳು ಹಿಡಿದ. ನಾನು ರಾತ್ರಿಯೇ ಲೆಕ್ಕ ಹಾಕಿಟ್ಟಿದ್ದೆ, ಎರಡು ವರ್ಷ ಸಿಕ್ಕರೆ ಸಾಕು, ಮುಂದಿನದು ಮುಂದೆ. ಅವನ ಎರಡು ಬೆರಳು ಗಟ್ಟಿಯಾಗಿ ಹಿಡಿದೆ. ಮಾವ ಹುಣಸೆಹಣ್ಣು ಕಚ್ಚಿದವನಂತೆ ಮುಖ ಮಾಡಿದ. "ಲೇದು ಲೇದು" ಎಂದು ತಲೆ ಒದರಿದ, ಕೈ ಕಿತ್ತುಕೊಳ್ಳುವವನಂತೆ ಎಳೆದ. ನಾನು ಬಿಡಲಿಲ್ಲ. ಎಳೆದಾಟ ಮುಗಿದಾಗ ನನ್ನ ಮುಷ್ಟಿಯೊಳಗೆ ಅವನ ಮೂರು ಬೆರಳಿದ್ದವು. ಎಂಟು, ಒಂಬತ್ತು, ಹತ್ತು! ಎರಡಕ್ಕೆಂದು ಹೋದವನು ಮೂರಕ್ಕೆ ಹೇಗೆ ಏರಿದೆನೋ ನನಗೇ ತಿಳಿಯದು. ವ್ಯಾಪಾರ ರಕ್ತದಲ್ಲಿದ್ದರೆ ಕೈ ತಾನೇ ಕೆಲಸ ಮಾಡುತ್ತದೆ, ಅಷ್ಟೇ.

"ಹಾಳಾದ್ದು, ಸೋತೆ" ಎಂದು ಮಾವ ನನ್ನ ಕೈ ಕುಲುಕಿದ.

ಆಮೇಲಿನದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರಿಗೆ ನಾನೇ ಹೇಳುತ್ತಿರುತ್ತೇನೆ. ಹತ್ತನೇ ಕ್ಲಾಸು ಪಾಸಾಗಿ, ಸೈಕಲ್ಲಿಗೆ ಅಲ್ಯುಮಿನಿಯಂ ಪಾತ್ರೆ ನೇತುಹಾಕಿಕೊಂಡು ಬಿ.ಜಿ. ಕೆರೆಯಿಂದ ರಾಂಪುರದವರೆಗೆ ಊರೂರು ತಿರುಗಿ, ಇವತ್ತು ಚಳ್ಳಕೆರೆಯಲ್ಲಿ ಎರಡು ಷಟರಿನ ಪಾತ್ರೆ ಅಂಗಡಿ. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ನಾನು. ಅಂಗಡಿಗೆ ಸೇರುವ ಪ್ರತಿ ಹುಡುಗನಿಗೂ ಆ ಮೂರು ಬೆರಳಿನ ಕಥೆಯಿಂದಲೇ ತರಬೇತಿ ಶುರು. ನಾನು ಅದನ್ನು ಹೇಳುವಾಗೆಲ್ಲ ಮಾವ ಮುಖ ತಿರುಗಿಸಿ ಬೀಡಿ ಹಚ್ಚುತ್ತಾನೆ. ಸೋತವರು ಇನ್ನೇನು ಮಾಡಿಯಾರು?

ಈಗ ಮೈದಾನದ ವಿಷಯ.

ನಮ್ಮ ಬಡಾವಣೆಯ ನಕ್ಷೆಯಲ್ಲಿ ಮಕ್ಕಳ ಆಟಕ್ಕೆಂದು ಬಿಟ್ಟ ಒಂದು ಜಾಗವಿದೆ. ಬೋರ್ಡು ಇದೆ. ತೂತು ಬಿದ್ದ ಒಂದು ಜಾರುಬಂಡೆ ಇದೆ. ಉಯ್ಯಾಲೆಯ ಕಂಬಗಳಿವೆ, ಉಯ್ಯಾಲೆ ಇಲ್ಲ. ಪಕ್ಕದಲ್ಲೇ ಶೇಂಗಾ ಸಾಹುಕಾರರೊಬ್ಬರ ಗೋದಾಮು. ಮೊದಲ ವರ್ಷ ಅವರು ಒಂದು ಮೂಲೆಯಲ್ಲಿ ಶೇಂಗಾ ಒಣಹಾಕಿದರು. ಮರುವರ್ಷ ಇನ್ನೊಂದು ಮೂಲೆ. ನಾವೆಲ್ಲ ನೋಡುತ್ತಿದ್ದ ಹಾಗೇ ಇಡೀ ಮೈದಾನ ಶೇಂಗಾ ಆಯಿತು, ಜಾರುಬಂಡೆಯ ಮೇಲೆ ಖಾಲಿ ಚೀಲ ಒಣಗತೊಡಗಿದವು. ಮಕ್ಕಳು ಓಣಿಯಲ್ಲಿ ನಿಂತ ಗೂಡ್ಸ್ ಆಟೋಗಳ ಸಂದಿಯಲ್ಲಿ ಕ್ರಿಕೆಟ್ ಆಡುತ್ತಿದ್ದವು. ಚೆಂಡು ಮೋರಿಯಲ್ಲಿ ಇರುತ್ತಿದ್ದ ಹೊತ್ತೇ ಹೆಚ್ಚು.

ಒಂದು ಶನಿವಾರ ಸಾಹುಕಾರರು ನನ್ನ ಅಂಗಡಿಗೆ ಬಂದರು. ಕಿರಿಯ ಮಗಳ ಮದುವೆಗೆ ಹಂಡೆಯಿಂದ ಹಿಡಿದು ಚಮಚದವರೆಗೆ ಪೂರಾ ಸಾಮಾನು ಬೇಕಂತೆ. ನೋಡುತ್ತ ನೋಡುತ್ತ ಒಂದು ಮಾತು ಬಿಟ್ಟರು. ಮೈದಾನವನ್ನು ಶೇಂಗಾ ಒಣಗಿಸುವ ಕಣವಾಗಿ ತಮಗೇ ಗುತ್ತಿಗೆಗೆ ಕೊಡಿ ಎಂದು ನಗರಸಭೆಗೆ ಅರ್ಜಿ ಹಾಕಿದ್ದಾರೆ, ಸೋಮವಾರ ಅಧಿಕಾರಿ ಸ್ಥಳ ನೋಡಲು ಬರುತ್ತಾರೆ. "ಅಲ್ಲಿ ಯಾವ ಹುಡ್ರು ಆಡ್ತಾವೆ ಹೇಳ್ರಿ?" ಎಂದರು. ಶೇಂಗಾ ಹರವಿದ ಮೇಲೆ ಆಡುವುದೆಲ್ಲಿ? ಬಾಯಿಗೆ ಬಂತು, ನುಂಗಿದೆ. ವ್ಯಾಪಾರಕ್ಕಿಳಿಯುವ ಕಿರಿಯರಿಗೆ ನನ್ನ ಸಲಹೆ: ದೊಡ್ಡ ಗಿರಾಕಿ ಸ್ಟೂಲಿನ ಮೇಲೆ ಕೂತಿರುವಾಗ ಕಿವಿ ತೆರೆದಿರಲಿ, ಬಾಯಿಗೆ ಷಟರ್ ಇರಲಿ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಜಗುಲಿಯಲ್ಲಿದ್ದ ಮಾವನಿಗೆ ಕೇಳಿಸಿತು.

"ಸೋಮವಾರ ಹೋದ್ರೆ ಹೋತು ಅನ್ನು, ಜಾಗ" ಎಂದ.

"ಕೊಟ್ರೆ ಮತ್ತೆ ಬರಲ್ಲ ಮಾವ. ನಿನಗ್ಯಾಕೆ? ನಮ್ಮ ಮನೇಲಿ ಆಡೋ ವಯಸ್ಸಿನವರು ಯಾರವ್ರೆ?"

"ಲೇ ಅಳಿಯ, ಮನೇಲೇ ಕಟ್ಟಿ ಮೇಯಿಸಿದ ಮರೀನ ಸಂತೇಗೆ ತಂದ್ರೆ ನಾನು ದೂರದಿಂದ್ಲೇ ಹೇಳ್ತಿದ್ದೆ, ಕಾಲಿನಾಗೆ ಏನಿಲ್ಲ ಅಂತ. ಈ ಓಣಿ ಹುಡ್ರು ನಡೆಯೋದು ನೋಡೀಯ?"

"ಸಾಹುಕಾರ್ರು ಮದುವೆ ಸಾಮಾನು ನಮ್ಮತ್ರ ತಗಳ್ತಾರೆ. ನೀನು ಸುಮ್ಕಿರು."

"ನೀನು ಚಮಚ ಮಾರ್ಕೊ. ನಾನು ಬೆಳಿಗ್ಗೆ ಮಾತಾಡ್ತೀನಿ."

ಭಾನುವಾರ ಬೆಳಿಗ್ಗೆ ಸಾಹುಕಾರರು ಮೈದಾನದ ಅಂಚಿಗೆ ಕುರ್ಚಿ ಹಾಕಿಕೊಂಡು, ಶೇಂಗಾ ತಿರುವಿ ಹಾಕುವ ಹೆಂಗಸರನ್ನು ನೋಡುತ್ತ ಕೂತಿದ್ದರು. ಶೇಂಗಾ ಮಂಡಿಯ ಇಬ್ಬರು ವರ್ತಕರೂ ಜೊತೆಗಿದ್ದರು. ಮಾವ ಕುಂಟುತ್ತ ಹೋದ. ಹಿಂದೆ ಹದಿನೈದಿಪ್ಪತ್ತು ಮಕ್ಕಳು, ಅವುಗಳ ಹಿಂದೆ ಅರ್ಧ ಓಣಿ, ಎಲ್ಲರ ಹಿಂದೆ, ಗಿರಾಕಿಯ ಕಣ್ಣಿಗೆ ಬೀಳದಷ್ಟು ದೂರದಲ್ಲಿ, ನಾನು.

"ಸಾವ್ಕಾರ್ರೇ, ಹುಡ್ರಿಗೆ ಜಾಗ ಬಿಡ್ರಿ."

ಸಾಹುಕಾರರು ಜನರನ್ನು ನೋಡಿದರು. ಸೋಮವಾರದ ಮುಂಚೆ ಗಲಾಟೆ ಅವರಿಗೆ ಬೇಕಿರಲಿಲ್ಲ. ಒಂದಿಷ್ಟು ಬಿಟ್ಟರೆ ಒಳ್ಳೆಯ ಹೆಸರೂ ಬಂದೀತು. "ಯಜಮಾನ್ರು ಕೇಳಿದ ಮೇಲೆ ಇಲ್ಲ ಅನ್ನಕಾಗ್ತೈತೇನ್ರಿ? ಎಷ್ಟು ಬಿಡ್ಲಿ?"

ಮಾವ ಟವೆಲ್ ಚಾಚಿದ. "ಕೈಯಾಗೆ ಹೇಳ್ರಿ."

ಸಾಹುಕಾರರೂ ಹಳೆಯ ಕಾಲದಲ್ಲಿ ಬಟ್ಟೆಯ ಕೆಳಗೆ ವ್ಯಾಪಾರ ಮಾಡಿದವರೇ. ಹುರುಪಿನಿಂದ ಕೈ ಹಾಕಿದರು. ನಮಗೆ ಕಂಡದ್ದು ಮುಖಗಳು. ಸಾಹುಕಾರರ ಮುಖ ನಿಮಿಷ ನಿಮಿಷಕ್ಕೂ ಅರಳುತ್ತಿತ್ತು, ಮಾವನದು ಹುಳಿಯಾಗುತ್ತಿತ್ತು. "ಲೇದು ಲೇದು" ಕೂಡ ಬಂತು. ಅಷ್ಟಾದ ಮೇಲೆ ಮಾವ ನಿಟ್ಟುಸಿರಿಟ್ಟು ಕೈ ಕುಲುಕಿದ. ಮುದುಕ ಮುಳುಗಿದ ಎಂದುಕೊಂಡೆ.

ಸಾಹುಕಾರರು ಕುರ್ಚಿಯಿಂದ ಎದ್ದು ನಿಂತರು. "ಎಲ್ರೂ ಕೇಳ್ರಪ್ಪ. ಹುಡ್ರಿಗೆ ಜಾಗ ಬಿಟ್ಟೀನಿ. ಕೈ ಕೊಟ್ಟಾತು. ನಾಳೆ ನಾನು ಕೊಡ್ಲಿಲ್ಲ ಅನ್ಬೇಡ್ರಿ."

ಮಾವ ಒಂದು ಬುಟ್ಟಿ ಸುಣ್ಣದ ಪುಡಿ ತರಿಸಿದ. ಓಣಿ ಕಡೆಯ ಅಂಚಿನಿಂದ ಹೆಜ್ಜೆ ಹಾಕುತ್ತ ಒಳಗೆ ನಡೆದ. ನಡೆದ, ನಡೆದ, ನಡೆಯುತ್ತಲೇ ಇದ್ದ. ಶೇಂಗಾ ತಿರುವುತ್ತಿದ್ದ ಹೆಂಗಸರು ದಾರಿ ಬಿಟ್ಟರು.

"ಯಜಮಾನ್ರೇ, ದಾಟಿದ್ರಿ" ಎಂದು ಸಾಹುಕಾರರು ಕೂಗಿದರು. "ನಾಲ್ಕು ಮಾರು ಯಾವಾಗ್ಲೋ ದಾಟಿದ್ರಿ."

ಮಾವ ತಿರುಗಿ ನಿಂತ. "ಯಾವ ಮಾರು?"

"ನಾಲ್ಕು ಬೆರಳು ಹಿಡಿದ್ನಲ್ರೀ? ನಾಲ್ಕು ಮಾರು ಜಾಗ."

"ಮಾರು ಯಾರು ಅಂದ್ರು? ಕೈಗೆ ಐದು ಬೆರಳು. ಐದೂ ಸೇರಿದ್ರೆ ಇಡೀ ಮೈದಾನ. ನಾಲ್ಕು ನೀವೇ ಹಿಡಿದ್ರಿ. ಹೆಬ್ಬೆರಳು ನಿಮಗೆ ಉಳೀತು." ಮೈದಾನದ ತುದಿಯಲ್ಲಿ, ಗೋದಾಮಿಗೆ ಅಂಟಿಕೊಂಡ ಪಟ್ಟಿಯೊಂದನ್ನು ಬಿಟ್ಟು ಗೆರೆ ಎಳೆದೇಬಿಟ್ಟ.

ಇದು ಮೋಸವೇ? ನಾನೂ ಯೋಚಿಸಿದ್ದೇನೆ. ನಮ್ಮಲ್ಲಿ ಅಣ್ಣತಮ್ಮಂದಿರು ಮಂದೆ ಪಾಲು ಮಾಡಿಕೊಳ್ಳುವಾಗ ಹೀಗೆಯೇ. ಕೈ ಅಂದರೆ ಇಡೀ ಮಂದೆ, ಬೆರಳು ಅಂದರೆ ಒಂದು ಪಾಲು. ಶೇಂಗಾದವರು ಕಣವನ್ನು ಮಾರಿನಲ್ಲಿ ಅಳೆಯುತ್ತಾರೆ, ಎರಡು ತೋಳು ಚಾಚಿದಷ್ಟು ಉದ್ದ. ಇಬ್ಬರೂ ತಮ್ಮ ತಮ್ಮ ಲೆಕ್ಕಕ್ಕೆ ಸರಿಯಾಗಿಯೇ ಇದ್ದರು. ಸಂತೆಯಲ್ಲಾದರೆ ನಡುವೆ ಕುರಿ ಇರುತ್ತದೆ, ಲೆಕ್ಕ ತಪ್ಪುವುದಿಲ್ಲ. ಇಲ್ಲಿ ನಡುವೆ ಕುರಿ ಇರಲಿಲ್ಲ. ಮಾವನಿಗೆ ಅದು ಮೊದಲೇ ಹೊಳೆದಿತ್ತೇ ಎಂದು ಹತ್ತು ಸಲ ಕೇಳಿದ್ದೇನೆ. ಹತ್ತು ಸಲವೂ ಬೀಡಿ ಹಚ್ಚಿದ್ದಾನೆ.

ಸಾಹುಕಾರರು ಮಂಡಿಯ ಇಬ್ಬರು ವರ್ತಕರ ಮುಖ ನೋಡಿದರು. ಅವರು ಆಕಾಶ ನೋಡುತ್ತಿದ್ದರು. ಕೈ ಕೊಟ್ಟದ್ದನ್ನು ಊರಿಗೆಲ್ಲ ಕೇಳುವಂತೆ ಸಾರಿದವರು ಅವರೇ! ಆಮೇಲೆ ಸಾಹುಕಾರರು ಕುರ್ಚಿಯಲ್ಲಿ ಕುಸಿದು, "ತುಂಬ್ರಮ್ಮ ಚೀಲಕ್ಕೆ" ಎಂದರು.

ಆ ಮಧ್ಯಾಹ್ನ ನಮ್ಮ ಬಡಾವಣೆಯಲ್ಲಿ ಪೊರಕೆ ಹಿಡಿಯದವರು ಇರಲಿಲ್ಲ. ಚೀಲ ಹೊರಲು ಮಕ್ಕಳ ಅಪ್ಪಂದಿರೇ ಹೆಗಲು ಕೊಟ್ಟರು. ನಾನು? ಮದುವೆ ಸಾಮಾನು ಹೇಗೂ ಕೈತಪ್ಪಿತು, ಇನ್ನು ಅಡಗಿ ಏನು ಪ್ರಯೋಜನ ಎಂದು ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಮೂಲೆಯಲ್ಲಿ ತುಕ್ಕು ಹಿಡಿಯುತ್ತಿದ್ದ ಸರಪಳಿಗೆ ಬದಲಾಗಿ ನನ್ನಲ್ಲಿ ಮಾರಾಟವಾಗದೆ ಕೂತಿದ್ದ, ಹೊಟ್ಟೆ ನೆಗ್ಗಿದ ಹಂಡೆಯೊಂದನ್ನು ದಾಟಿಸಿ ಬಂದೆ. ಎರಡು ಅಂಗಡಿಗೂ ಮೋಕ್ಷ. ಸಂಜೆಗೆ ಉಯ್ಯಾಲೆ ತೂಗಿತು.

ಸೋಮವಾರ ಅಧಿಕಾರಿ ಬಂದರು. ಮೈದಾನದ ತುಂಬ ಮಕ್ಕಳು. ಅವರಿಗೆ ಅನುಮಾನ. "ದಿನಾ ಆಡ್ತಾರೋ, ಇವತ್ತೊಂದಿನಾನೋ? ಎಷ್ಟು ಮಕ್ಕಳು ಬರ್ತಾರೆ ಇಲ್ಲಿಗೆ?" ಎಂದು ಮಾವನನ್ನೇ ಕೇಳಿದರು.

ಮಾವ ಟವೆಲ್ ಚಾಚಿದ.

ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದರು. "ಯಜಮಾನ್ರೇ, ನಾನು ಅಂಥವನಲ್ಲ. ಜನ ನೋಡ್ತಿದಾರೆ."

"ಜನ ನೋಡಬಾರ್ದು ಅಂತಾನೇ ಅಲ್ಲೇನ್ರಿ ಟವೆಲ್ಲು" ಎಂದ ಮಾವ.

ನಾನು ನಡುವೆ ಹಾರಿದೆ. ಕುರಿ ಸಂತೆ, ದಲ್ಲಾಳಿ, ಬೆರಳು ಎಂದೆಲ್ಲ ವಿವರಿಸಿ ಅವರ ಬೆವರು ಒರೆಸಬೇಕಾಯಿತು. ಅಷ್ಟರಲ್ಲಿ ಸಾಹುಕಾರರು ಬಂದರು. ಅಧಿಕಾರಿ ಕಾಗದ ತೋರಿಸಿ, "ಅರ್ಜಿ ನಿಮ್ಮದೇ ಅಲ್ವಾ?" ಎಂದರು. ಅವರೊಂದು ಮಾತು ತಿರುಗಿಸಿದ್ದರೆ ಸುಣ್ಣದ ಗೆರೆ ಅಳಿಸಲು ಎಷ್ಟು ಹೊತ್ತು?

ಸಾಹುಕಾರರು ಗೆರೆಯನ್ನು ನೋಡಿದರು, ಮಾವನನ್ನು ನೋಡಿದರು. "ಅರ್ಜಿ ವಾಪಸ್ ತಗಳ್ತೀನಿ ಸಾರ್. ಕೈ ಕೊಟ್ಟೀನಿ."

ಅಧಿಕಾರಿ ಅಲ್ಲೇ ನಿಂತು ಬರೆದರು, ಜಾಗ ಮಕ್ಕಳ ಆಟಕ್ಕೆ ಬಳಕೆಯಲ್ಲಿದೆ ಎಂದು. ಮಕ್ಕಳು ಎಬ್ಬಿಸಿದ ಕೇಕೆಗೆ ಗೋದಾಮಿನ ತಗಡಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹೋದವು. ಮಾವನನ್ನು ಎಳೆದುಕೊಂಡು ಹೋಗಿ ಉಯ್ಯಾಲೆಯ ಮೇಲೆ ಕೂರಿಸಿ ತೂಗಿದರು. ಆ ತೂಗಾಟದಲ್ಲಿ ಟವೆಲ್ ಹಾರಿ ಬಿದ್ದು, ಮಾವನ ಬಲಗೈಯನ್ನು ಊರೇ ನೋಡಿತು. ಟೀಚರಮ್ಮ ನನ್ನ ಹೆಂಡತಿಗೆ, "ಎಣ್ಣೆ ಕೆಲಸ ಮಾಡ್ತು ನೋಡಿ" ಎಂದರು.

ಮದುವೆ ಸಾಮಾನು ಏನಾಯಿತೆಂದು ಕೇಳುತ್ತೀರಿ. ಹದಿನೈದು ದಿನ ಬಿಟ್ಟು ಸಾಹುಕಾರರು ಅಂಗಡಿಗೆ ಬಂದು ಅದೇ ಸ್ಟೂಲಿನ ಮೇಲೆ ಕೂತರು. "ಹಂಡೆಯಿಂದ ಚಮಚದವರೆಗೆ ಪೂರಾ ಕಟ್ರಿ. ಆದ್ರೆ ರೇಟು ಬಾಯಿಂದ್ಲೇ ಹೇಳ್ಬೇಕು. ನಿಮ್ಮ ಮನೆ ಟವೆಲ್ ಸಾವಾಸ ನನಗೆ ಬೇಡ." ಬಾಯಿಂದಲೇ ಹೇಳಿದೆ. ಸ್ವಲ್ಪ ಕಮ್ಮಿಯನ್ನೇ ಹೇಳಿದೆ. ಇದನ್ನು ನೀವು ಯಾರಿಗೂ ಹೇಳಬಾರದು.

ಈಗ ದಿನಾ ಸಂಜೆ ಮಾವ ಉಯ್ಯಾಲೆಯ ಪಕ್ಕದ ಕಲ್ಲಿನ ಮೇಲೆ ಕೂತಿರುತ್ತಾನೆ. ಸರದಿ ಎಲ್ಲ ಅವನ ಕೈಯಲ್ಲಿ, ಟವೆಲ್ಲಿನ ಕೆಳಗೆ. ನಮ್ಮ ಬಡಾವಣೆಯ ಮಕ್ಕಳಿಗೆ ಮಗ್ಗಿಗಿಂತ ಮೊದಲು ಬೆರಳು ಹಿಡಿಯುವುದು ಬಂದಿದೆ. ಮೊನ್ನೆ ಅಂಗಡಿಯಿಂದ ಬೇಗ ಬಂದವನು ಅಲ್ಲಿ ನಿಂತೆ. ಸಾಹುಕಾರರ ಮೊಮ್ಮಗಳು, ಆರು ವರ್ಷದ್ದು, ಉಯ್ಯಾಲೆ ಬಿಟ್ಟು ಇಳಿಯಲೊಲ್ಲದು. ಗೇಟಿನ ಹತ್ತಿರ ಅವರಮ್ಮ ಕರೆಯುತ್ತಿದ್ದಾಳೆ.

"ತಾತ, ಇನ್ನೂ ಎಷ್ಟು ಸಲ ತೂಗ್ತೀಯ?"

"ಕೈಯಾಗೆ ಹೇಳು" ಎಂದ ಮಾವ.

ಅದು ಟವೆಲ್ ಕೆಳಗೆ ಪುಟ್ಟ ಕೈ ಹಾಕಿತು. ನಮ್ಮ ಕಡೆಯ ಗಾಳಿ ನಿಮಗೆ ಗೊತ್ತಲ್ಲ, ಆ ಹೊತ್ತಿಗೆ ಸರಿಯಾಗಿ ಬೀಸಿ ಟವೆಲ್ಲಿನ ನನ್ನ ಕಡೆಯ ಅಂಚನ್ನು ಎತ್ತಿತು. ಹುಡುಗಿ ಮಾವನ ಎರಡು ಬೆರಳು ಹಿಡಿದಿತ್ತು. ಮಾವ ಹುಣಸೆಹಣ್ಣು ಕಚ್ಚಿದ ಮುಖ ಮಾಡಿದ. "ಲೇದು ಲೇದು" ಎಂದು ತಲೆ ಒದರಿದ, ಕೈ ಕಿತ್ತುಕೊಳ್ಳುವವನಂತೆ ಎಳೆದ. ಎಳೆಯುತ್ತಲೇ, ಮಡಚಿಕೊಂಡಿದ್ದ ಮೂರನೆಯ ಬೆರಳನ್ನು ಬಿಚ್ಚಿ, ಮೆಲ್ಲಗೆ, ತಾನೇ, ಆ ಪುಟ್ಟ ಮುಷ್ಟಿಯೊಳಗೆ ಸೇರಿಸಿದ.

"ಮೂರು! ತಾತ ಸೋತ!"

"ಹಾಳಾದ್ದು, ಸೋತೆ" ಎಂದ ಮಾವ.

ಮಗು ಮೂರು ಸಲ ತೂಗಿಸಿಕೊಂಡು ಓಡಿಹೋಯಿತು. ನಾನು ನಿಂತೇ ಇದ್ದೆ. ಎಷ್ಟು ಜನಕ್ಕೆ ಹೇಳಿದ್ದೆ ಆ ಕಥೆಯನ್ನು! ನನ್ನ ರಕ್ತ, ನನ್ನ ಕೈ, ನನ್ನ ಹಿಡಿತ. ಎರಡಕ್ಕೆಂದು ಹೋದವನು ಮೂರಕ್ಕೆ ಹೇಗೆ ಏರಿದೆನೆಂದು ಒಂದು ಸಲವಾದರೂ ತಿರುಗಿ ಯೋಚಿಸಿದ್ದೆನೇ? ಎಂಟು, ಒಂಬತ್ತು, ಹತ್ತು. ಸೈಕಲ್ಲು, ಅಂಗಡಿ, ಎರಡು ಷಟರು. ಎಲ್ಲದರ ಕೆಳಗೆ ಮುದುಕನ ಒಂದು ಬೆರಳು ಇತ್ತು.

ಹೋಗಿ ಕಲ್ಲಿನ ಮೇಲೆ ಪಕ್ಕದಲ್ಲಿ ಕೂತೆ. ಟವೆಲ್ಲಿನ ಕೆಳಗೆ ಕೈ ಹಾಕಿದೆ.

"ಏನಲೇ, ಏನು ವ್ಯಾಪಾರ?" ಎಂದ ಮಾವ.

"ಏನಿಲ್ಲ ಮಾವ."

ಅವನು ನನ್ನ ಬೆರಳುಗಳನ್ನು ಒಂದೊಂದಾಗಿ ತಡವಿ, ಐದನ್ನೂ ಸೇರಿಸಿ ಹಿಡಿದ. ಹಾಗೇ ಕೂತೆವು, ಮೈದಾನ ಖಾಲಿಯಾಗುವವರೆಗೂ. ಕುಲುಕಿದರೆ ವ್ಯವಹಾರ ಮುಗಿದ ಹಾಗೆ. ಅವನ ಕೈಯೂ ಕುಲುಕಲಿಲ್ಲ, ನನ್ನದೂ ಕುಲುಕಲಿಲ್ಲ.